ಆರ್ಡೆಲ್ಲಾಳ ಮೆಕರೋನಿಗೆ ಉಪ್ಪು ನೋಡಿದವಳು

ನ್ಯೂ ಹೆಬ್ರನ್ ಚರ್ಚಿನ ವರ್ಷದೂಟಕ್ಕೆ ಕೋಳಿಯನ್ನು ಯಾರು ಬೇಕಾದರೂ ಕರಿದು ತರಬಹುದು. ಗೆಣಸಿನ ಕಡುಬು ಸೀದು ಹೋಗಿದ್ದರೂ ನಕ್ಕು ತಿಂದಾರು. ಮೆಕರೋನಿ ಚೀಸ್ ಮಾತ್ರ ಹಾಗಲ್ಲ. ಅದನ್ನು ಮಾಡುವ ಹಕ್ಕನ್ನು ಹಿರಿಯ ಹೆಂಗಸರು ಬಾಯಿಬಿಟ್ಟು ಹೇಳದೆಯೇ ಕೊಡುತ್ತಾರೆ, ಬಾಯಿಬಿಟ್ಟು ಹೇಳದೆಯೇ ಕಿತ್ತುಕೊಳ್ಳುತ್ತಾರೆ. ಜಾರ್ಜಿಯಾದ ಆ ಪುಟ್ಟ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಆ ಹಕ್ಕು ಆರ್ಡೆಲ್ಲಾಳದು.

ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಮಕ್ಕಳಿಲ್ಲ, ಗಂಡ ತೀರಿಕೊಂಡು ಒಂಬತ್ತು ವರ್ಷ. ಊರಿನವರು ಅವಳನ್ನು ಗುರುತಿಸುತ್ತಿದ್ದುದೇ ಮೆಕರೋನಿಯಿಂದ. ಅವಳಿಗೂ ಅದರಲ್ಲಿ ಜಂಬವಿತ್ತು, ಇಲ್ಲವೆಂದರೆ ಸುಳ್ಳಾದೀತು. ಒಮ್ಮೆ ಅವಳ ಮಂಡಿಗೆ ಶಸ್ತ್ರಚಿಕಿತ್ಸೆಯಾದಾಗ ತಮ್ಮನ ಹೆಂಡತಿ ವರ್ನೆಟ್ಟಾ ಮೆಕರೋನಿ ಮಾಡಿ, ಚೆಂದ ಕಾಣಲೆಂದು ಮೇಲೆ ಬ್ರೆಡ್ಡಿನ ಪುಡಿ ಉದುರಿಸಿದ್ದಳು. ಊರುಗೋಲು ಹಿಡಿದು ಬಂದ ಆರ್ಡೆಲ್ಲಾ ಎಲ್ಲರೆದುರು, "ಇದೇನೇ ವರ್ನೆಟ್ಟಾ, ಮರಳು ಗುಡಿಸಿ ಹಾಕಿದ್ದೀಯಾ?" ಎಂದುಬಿಟ್ಟಳು. ಎಲ್ಲರೂ ನಕ್ಕರು. ಅಂದಿನಿಂದ ಹನ್ನೊಂದು ವರ್ಷ ವರ್ನೆಟ್ಟಾಳ ಪಾಲಿಗೆ ಬಂದದ್ದು ಐಸು ಮತ್ತು ಕಾಗದದ ತಟ್ಟೆ ತರುವ ಕೆಲಸವಷ್ಟೇ.

ಈ ವರ್ಷ ವಸಂತದಲ್ಲಿ ಆರ್ಡೆಲ್ಲಾಳಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗು ನಾಲಗೆ ಎರಡನ್ನೂ ಹೊತ್ತುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರು, ಹಂದಿಮಾಂಸ ಬರೀ ಜಗಿಯುವ ಕೆಲಸ. ನಾಲ್ಕು ತಿಂಗಳು ಅವಳು ಯಾರಿಗೂ ಹೇಳಲಿಲ್ಲ. ರುಚಿ ಗೊತ್ತಾಗದವಳ ಕೈಗೆ ಯಾರು ಪಾತ್ರೆ ಕೊಟ್ಟಾರು? ಅದೂ ಹೋದರೆ ತನಗಿನ್ನು ಊರಿನಲ್ಲಿ ಏನು ಕೆಲಸ ಎಂದು ಒಳಗೊಳಗೇ ಹೆದರಿದ್ದಳು.

ಆಗಸ್ಟ್ ತಿಂಗಳಲ್ಲಿ, ವರ್ಷದೂಟದ ಭಾನುವಾರ ಬೆಳಿಗ್ಗೆ ಎದ್ದವಳೇ ಒಲೆ ಹಚ್ಚಿದಳು. ಕೈಗೆ ಮರೆವಿಲ್ಲವಲ್ಲ. ಚೀಸಿನ ಗಟ್ಟಿಗಳನ್ನು ತಾನೇ ತುರಿದಳು. ಅಂಗಡಿಯ ತುರಿಗೆ ಅಂಟದಿರಲೆಂದು ಹಿಟ್ಟು ಸವರಿರುತ್ತಾರೆ, ಅದು ಕರಗಿದರೂ ತರಿತರಿ. ಬೆಣ್ಣೆ ಕರಗಿಸಿ, ಮೈದಾ ಹಾಕಿ, ಹಸಿ ಹೋಗುವವರೆಗೆ ಕೈಯಾಡಿಸಿದಳು. ಹಸಿವಾಸನೆ ಹೋಯಿತೋ ಇಲ್ಲವೋ ಮೂಗು ಹೇಳಲಿಲ್ಲ, ಗುಳ್ಳೆಗಳ ಸದ್ದು ಹೇಳಿತು. ಡಬ್ಬಿಯ ಸಿಹಿಯಿಲ್ಲದ ಗಟ್ಟಿಹಾಲನ್ನು ಬೆಚ್ಚಗೆ ಮಾಡಿ ಸ್ವಲ್ಪ ಸ್ವಲ್ಪವೇ ಸುರಿದಳು. ಸೌಟಿನ ಬೆನ್ನಿಗೆ ಬೆರಳೆಳೆದಾಗ ಗೆರೆ ಕೂಡಿಕೊಳ್ಳದೆ ನಿಂತಿತು. ಒಲೆ ಆರಿಸಿದ ಮೇಲೆಯೇ ಚೀಸ್ ಹಾಕಿದಳು; ಉರಿಯ ಮೇಲೆ ಹಾಕುವ ಅವಸರಗೇಡಿಗಳ ಸಾರು ಒಡೆದು ಎಣ್ಣೆ ಬಿಡುತ್ತದೆ. ಹಳದಿ ಸಾರು ರೇಷ್ಮೆಯಂತೆ ಇಳಿಯತೊಡಗಿತು. ಉಪ್ಪಿನ ಡಬ್ಬಿ ತೆಗೆದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಜುಬಟ್ಟೆ ಯಾವ ಬಣ್ಣದ್ದು ಹಾಸೋಣ ಎಂದು ಚರ್ಚಿನಿಂದ ಕೇಳುತ್ತಿದ್ದರು.

ಮಾತು ಮುಗಿಸಿ ಬಂದಳು. ಡಬ್ಬಿಯ ಮುಚ್ಚಳ ತೆರೆದಿತ್ತು. ಉಪ್ಪು ಹಾಕಿದೆನೋ, ಇಲ್ಲವೋ?

ಬೆರಳದ್ದಿ ನೆಕ್ಕಿದಳು. ಏನೂ ಇಲ್ಲ. ಮತ್ತೆ ನೆಕ್ಕಿದಳು. ಎಂಬತ್ತು ಜನರ ಅಡುಗೆ. ಎರಡು ಸಲ ಬಿದ್ದರೆ ಉಪ್ಪಿನಕಾಯಿ, ಬೀಳದಿದ್ದರೆ ಅಂಟು. ಅಡುಗೆಮನೆಯ ನಡುವೆ ನಿಂತು, ಎಪ್ಪತ್ತೊಂದರ ಆ ಹೆಂಗಸು ಗಳಗಳನೆ ಅತ್ತಳು.

ಅವಳನ್ನು ಚರ್ಚಿಗೆ ಕರೆದೊಯ್ಯಲು ವರ್ನೆಟ್ಟಾ ಒಳಗೆ ಬಂದದ್ದು ಆಗಲೇ.

"ಯಾಕಕ್ಕಾ? ಯಾರಾದ್ರೂ ಹೋಗ್ಬಿಟ್ರಾ?"

"ನನ್ ನಾಲಗೆ ಹೋಯ್ತು ಕಣೇ."

"ಹೋಗಿದ್ರೆ ಊರೆಲ್ಲ ಹಬ್ಬ ಮಾಡ್ತಿತ್ತು."

ಆರ್ಡೆಲ್ಲಾ ನಗಲಿಲ್ಲ. ಎಲ್ಲ ಹೇಳಿದಳು. ಹೇಳಿ, ಸೌಟು ಮುಂದೆ ಚಾಚಿದಳು. "ನೋಡಿ ಹೇಳೇ. ಉಪ್ಪು ಇದೆಯಾ?"

ವರ್ನೆಟ್ಟಾ ಸೌಟು ತೆಗೆದುಕೊಂಡಳು. ನೆಕ್ಕಿದಳು, ಮೇಲೆ ನೋಡಿದಳು, ಮತ್ತೆ ನೆಕ್ಕಿದಳು.

"ಇಲ್ಲ. ಚೀಸಿನ ಉಪ್ಪು ಬಿಟ್ರೆ ಬೇರೆ ಇಲ್ಲ. ಎರಡು ಚಮಚ ಹಾಕು."

ಆರ್ಡೆಲ್ಲಾ ಅವಳ ಮುಖವನ್ನೇ ನೋಡಿದಳು. ಸೇಡು ತೀರಿಸಿಕೊಳ್ಳುವುದಿದ್ದರೆ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು. ತಾನಾಗಿದ್ದರೆ? ಆ ಪ್ರಶ್ನೆಗೆ ಉತ್ತರ ಹುಡುಕಲು ಅವಳಿಗೆ ಧೈರ್ಯವಾಗಲಿಲ್ಲ. ಎರಡು ಚಮಚ ಹಾಕಿದಳು, ಬೆಂದ ಮೆಕರೋನಿ ಬೆರೆಸಿದಳು, ಮೇಲೆ ಉಳಿದ ತುರಿ ಹರಡಿ ಓವನ್ನಿಗೆ ದೂಡಿದಳು.

ಪಾದ್ರಿಗಳು ಅಂದು ಯಾವ ವಿಷಯದ ಮೇಲೆ ಉಪದೇಶ ಮಾಡಿದರೋ ಅವಳಿಗೆ ಗೊತ್ತಿಲ್ಲ. ಊಟದ ಮನೆಯಲ್ಲಿ ಮೊದಲ ತಟ್ಟೆ ಎಂದಿನಂತೆ ತೊಂಬತ್ತಮೂರರ ಜಿಪ್ಪೋರಾ ಅಜ್ಜಿಗೆ ಹೋಯಿತು. ಅಜ್ಜಿ ಮೆಕರೋನಿಯ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆರ್ಡೆಲ್ಲಾಳ ಜೀವ ಬಾಯಿಗೆ ಬಂದಿತ್ತು.

ಅಜ್ಜಿ ಕಣ್ಣು ತೆರೆದು, ಕೋಳಿಯನ್ನು ಪಕ್ಕಕ್ಕೆ ತಳ್ಳಿ, ತಟ್ಟೆ ಮುಂದಕ್ಕೆ ಚಾಚಿದರು. "ಇಲ್ಲಿ ಜಾಗ ಖಾಲಿ ಇದೆ ನೋಡು. ತುಂಬ್ಸು."

ಹೋದ ಜೀವ ಬಂತು. ಪಾತ್ರೆಯ ಮುಂದೆ ಸಾಲು ಬೆಳೆಯಿತು, ಮೂಲೆಯ ಗರಿಗರಿ ತುಂಡಿಗೆ ಚರ್ಚಿನ ಪದಾಧಿಕಾರಿಗಳಾದ ಇಬ್ಬರು ಡೀಕನ್ನರು ಜಗಳವಾಡಿದರು. ಎಲ್ಲರೂ ಹೊಗಳುವಾಗ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಐಸಿನ ಪೆಟ್ಟಿಗೆಯ ಹಿಂದೆ ಒಂಟಿಯಾಗಿ ನಿಂತ ವರ್ನೆಟ್ಟಾಳನ್ನು ಕಂಡು ಆರ್ಡೆಲ್ಲಾಳಿಗೆ ತಡೆಯಲಾಗಲಿಲ್ಲ.

"ಮಾಡಿದ್ದು ನಾನು," ಎಂದಳು ಗಟ್ಟಿಯಾಗಿ, "ಉಪ್ಪು ನೋಡಿದ್ದು ವರ್ನೆಟ್ಟಾ. ಜ್ವರ ಬಂದಾಗಿಂದ ನಂಗೆ ರುಚಿನೇ ಗೊತ್ತಾಗ್ತಿಲ್ಲ. ನಿಮ್ಗೆಲ್ಲ ಮುಚ್ಚಿಟ್ಟಿದ್ದೆ."

ಚಮಚಗಳು ನಿಂತವು. ಜಿಪ್ಪೋರಾ ಅಜ್ಜಿ ಮಾತ್ರ ಜಗಿಯುತ್ತಲೇ ಇದ್ದರು.

"ಅಷ್ಟೇನಾ? ನಂಗೆ ಅರ್ಧ ಕಿವಿ ಹೋಗಿ ಹತ್ತು ವರ್ಷ ಆಯ್ತು. ಹಾಡೋದು ಬಿಟ್ಟಿದ್ದೀನಾ? ಬರೋ ವರ್ಷ ಇಬ್ರೂ ಸೇರಿ ಮಾಡಿ. ಐಸು ಪಾದ್ರಿಗಳು ತರ್ಲಿ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಆರ್ಡೆಲ್ಲಾಳಿಗೆ ಎದೆ ಹಗುರವಾಯಿತು, ಹಸಿವೂ ಆಯಿತು. ತಟ್ಟೆ ಹಿಡಿದು ವರ್ನೆಟ್ಟಾಳ ಪಕ್ಕ ಕುಳಿತು ಒಂದು ತುತ್ತು ತಿಂದಳು. ಬೆಚ್ಚಗಿತ್ತು, ಮೆತ್ತಗಿತ್ತು, ಅಷ್ಟೇ.

"ಹೆಂಗಿದೆಯೇ?" ಎಂದಳು ಮೆಲ್ಲಗೆ.

ವರ್ನೆಟ್ಟಾ ತಾನೂ ಒಂದು ತುತ್ತು ಇಟ್ಟುಕೊಂಡಳು. "ಮೊದ್ಲು ಬೆಣ್ಣೆ ಬರುತ್ತಕ್ಕಾ. ಆಮೇಲೆ ಚೀಸು, ಹಳೇ ಚೀಸಿನ ಆ ಹುಳಿ ಇರುತ್ತಲ್ಲ, ನಾಲಗೆ ಅಂಚಿಗೆ ಹಿಂಗೆ ಚುಳ್ ಅನ್ನುತ್ತೆ. ಅದಾದ್ಮೇಲೆ—"

"ನಿಧಾನಕ್ಕೆ ಹೇಳೇ," ಎಂದಳು ಆರ್ಡೆಲ್ಲಾ, ಕಣ್ಣು ಮುಚ್ಚಿಕೊಂಡು. "ನಾನಿನ್ನೂ ನುಂಗಿಲ್ಲ."