ಕಂಬದ ಬುಡಕ್ಕೆ ಒತ್ತಿದ ಉಗುರು

ಅವರ ಬಲಗೈ ಹೆಬ್ಬೆರಳಿನ ಉಗುರು ದಪ್ಪವಾಗಿ ಹಳದಿಗಟ್ಟಿತ್ತು. ಅದರ ಅಂಚಿನಲ್ಲಿ ಸದಾ ಯಾರದೋ ಮನೆಯ ಬಣ್ಣ ಸಿಕ್ಕಿಕೊಂಡಿರುತ್ತಿತ್ತು. ಪೇಂಟರ್ ಅಂಕಲ್ ನಮ್ಮ ಮನೆಗೆ ಬಂದವರೇ, ಬಣ್ಣ ಏಳುತ್ತದೆಯೇ ಎಂದು ಆ ಉಗುರನ್ನು ಗೇಟಿಗೆ ಒತ್ತಿ ನೋಡಿದರು. ಆಮೇಲೆ ಕಿಟಕಿಯ ಸರಳಿಗೆ. ನಾನು ಕರೆಸಿದ್ದು ಅವೆರಡಕ್ಕೂ ಅಲ್ಲ.

ಅಮೃತಹಳ್ಳಿಯ ನಮ್ಮ ಮನೆಯ ಹೊರಮೆಟ್ಟಿಲಿಗೆ, ಬಣ್ಣದ ಪುಡಿಯನ್ನು ಕಾಯಿಸಿ ಅಂಟಿಸುವ ಪೌಡರ್ ಕೋಟಿಂಗ್ ಮಾಡಿಸಿದ ಕಬ್ಬಿಣದ ರೇಲಿಂಗ್ ಇದೆ. ಮಂಡಿನೋವಿನ ಅಮ್ಮ ಅದರ ಮೇಲೆ ಭಾರ ಹಾಕಿಯೇ ದಿನವೂ ತಾರಸಿಗೆ ಬಟ್ಟೆ ಒಣಹಾಕಲು ಹತ್ತುತ್ತಾರೆ. ಬಣ್ಣ ಮಂಕಾಗಿತ್ತು. ಮೇಲೊಂದು ಹೊಸ ಕೋಟ್ ಬಳಿದರೆ ಸಾಕು ಎಂದುಕೊಂಡಿದ್ದೆ.

"ಅಂಗೇ ಬಳುದ್ರೆ ಬಣ್ಣ ಇಡ್ಕಳಲ್ಲ ಮೇಡಂ, ನುಣ್ಣಗೈತೆ. ಪೂರ್ತಿ ಉಜ್ಬೇಕು. ಬುಡ ಕೆರೆದು ನೋಡ್ಬೇಕು."

"ಪೌಡರ್ ಕೋಟಿಂಗ್‌ಗೆ ತುಕ್ಕು ಹಿಡಿಯಲ್ಲ ಅಂಕಲ್."

"ಯಾರಂದ್ರು?"

"ಮಾಡಿಕೊಟ್ಟವರು."

"ಅವ್ರು ಅಂದೇ ಅಂತಾರೆ ಬುಡಿ."

ಒಂದು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ಎಳೆಯುತ್ತಿದ್ದಾರೆ ಎನ್ನಿಸಿತು. ಲ್ಯಾಪ್‌ಟಾಪ್ ಹಿಡಿದು ಕೆಳಗಿನ ಮೆಟ್ಟಿಲಲ್ಲೇ ಕುಳಿತೆ. "ಕಾವಲಾ ಮೇಡಂ? ಕಾಯಿರಿ, ಕಾಯಿರಿ," ಎಂದು ನಕ್ಕರು. ಬಣ್ಣ ತೆಳುಮಾಡುವ ತಿನ್ನರ್‌ನ ಡಬ್ಬ ತೆರೆದು, ಕಲಬೆರಕೆ ಇದೆಯೇ ಎಂದು ಮೂಸಿದರು. "ಅಂಗಡಿಯೋನು ನಮ್ ದೋಸ್ತೇ. ಆದ್ರೂ ಮೂಸ್ದೆ ತಗಳಲ್ಲ."

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಮೊದಲ ಕಂಬದ ಬುಡದಲ್ಲಿ ಬೆರಳು ತೂರುವಷ್ಟು ತೂತು ಕಂಡಿತು.

"ಚೆನ್ನಾಗಿದ್ದದ್ದನ್ನ ನೀವೇ ಕೆರೆದು ತೂತು ಮಾಡಿದ್ದೀರಾ?"

ಅವರು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತರು. "ಮೇಲಿನ ಕಂಬ ನಾನು ಮುಟ್ಟಿಲ್ಲ. ನೀವೇ ಕೆರೀರಿ."

ಆ ಕಂಬದಲ್ಲಿ ಒಂದು ಬಿರುಕೂ ಇರಲಿಲ್ಲ. ಬುಡದಲ್ಲಿ, ಬೆಸುಗೆಯ ಹತ್ತಿರ ಕೆರೆದೆ. ಕೋಟಿಂಗ್ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಒಳಗೆ ಒದ್ದೆಯಾದ ಕಂದು ಪುಡಿ. ಸ್ಕ್ರೂಡ್ರೈವರ್ ಸಲೀಸಾಗಿ ಒಳಗಿಳಿಯಿತು. ತಲೆಯೆತ್ತಿದರೆ, ತಾರಸಿಯಿಂದ ಇಳಿದುಬಂದ ಅಮ್ಮ ಅದೇ ಕಂಬಕ್ಕೆ ಒರಗಿ ನಮ್ಮನ್ನು ನೋಡುತ್ತಿದ್ದರು.

"ಅಮ್ಮ, ಕೈ ತೆಗಿ," ಎಂದೆ.

ಅಂಕಲ್ ಬ್ರಷ್ಷುಗಳನ್ನು ಚೀಲಕ್ಕೆ ಹಾಕಿದರು. "ಮೊದ್ಲು ವೆಲ್ಡಿಂಗ್ ಮಾಡ್ಸಿ. ಇದ್ರ ಮೇಲೆ ಬಣ್ಣ ಬಳುದ್ರೆ ನಾನೇ ಮುಚ್ಚಾಕ್ದಂಗೆ ಆಯ್ತದೆ."

ಹೊಸ ಕಂಬಗಳು ಬಂದ ಮೇಲೆ ಮರಳಿ ಬಂದರು. ಇಡೀ ರೇಲಿಂಗ್ ಉಜ್ಜಿ, ತಿನ್ನರ್‌ನಲ್ಲಿ ಒರೆಸಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ ಬಳಿದರು. ನಾನು ಕಾವಲು ಕೂರಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ; ಎರಡು ಸಲ ಕಾಫಿ ಕೊಟ್ಟೆ, ಅಷ್ಟೇ.

ಮೊದಲ ಜೋರು ಮಳೆಯಾದ ಮರುದಿನ ಕರೆಯದೇ ಬಂದರು. ಕುಕ್ಕರಗಾಲಲ್ಲಿ ಕುಳಿತು ತಾವೇ ಬಳಿದ ಬಣ್ಣಕ್ಕೆ ಉಗುರು ಒತ್ತಿದರು, ಒಂದೊಂದೇ ಕಂಬಕ್ಕೆ.

"ನಿಮ್ಮ ಕೆಲಸದ ಮೇಲೂ ಅನುಮಾನವಾ ಅಂಕಲ್?"

"ನನ್ನ ಮೇಲೇ ಮೊದ್ಲು ಕಣಮ್ಮ." ಮೇಡಂ ಬಿಟ್ಟು ಕಣಮ್ಮ ಅಂದದ್ದು ಅಂದೇ ಮೊದಲು.

ಮುಂದಿನ ವರ್ಷವೂ ಮಳೆಯ ಮರುದಿನ ಬಂದರು. ಈ ವರ್ಷ ಬರಲಿಲ್ಲ. ಬೇಸಿಗೆಯಲ್ಲೇ ತೀರಿಹೋದರಂತೆ, ಪೇಂಟ್ ಅಂಗಡಿಯವರು ಹೇಳಿದರು.

ನಿನ್ನೆ ರಾತ್ರಿ ಮತ್ತೆ ಜೋರು ಮಳೆ ಸುರಿದಿತ್ತು. ಬೆಳಿಗ್ಗೆ ಅಮ್ಮ ಬಟ್ಟೆಯ ಬಕೆಟ್ ಎತ್ತಿಕೊಂಡಾಗ, "ಒಂದು ನಿಮಿಷ ತಾಳು," ಎಂದು ಮುಂದೆ ಹೋಗಿ ಪ್ರತಿ ಕಂಬದ ಬುಡಕ್ಕೂ ಹೆಬ್ಬೆರಳಿನ ಉಗುರು ಒತ್ತಿ ನೋಡಿದೆ. ಎಲ್ಲೂ ಬಣ್ಣ ಏಳಲಿಲ್ಲ. ಅಂದು ಅಂಕಲ್ಲನ್ನು ದೂರಿದ್ದ ಜಾಗದ ಆ ಮೊದಲ ಕಂಬಕ್ಕೆ ಮಾತ್ರ ಇನ್ನೊಮ್ಮೆ ಒತ್ತಿದೆ.