ಲಂಡನ್ ಹೀರೋನನ್ನು ನಾನೇ ಕೊಂದದ್ದು

ಸೌದಿಯ ಖೋಬರಿನಲ್ಲಿ ನಾನು ಟೈಪಿಸ್ಟ್ ಆಗಿದ್ದಾಗ, ರಜೆಗೆ ಸಹಿ ಹಾಕಬೇಕಾದ ಇಂಗ್ಲಿಷ್ ಮ್ಯಾನೇಜರ್ ಒಂದು ಶರತ್ತು ಹಾಕಿದ: ಮೊದಲು ಅವನು ಕೈಯಲ್ಲಿ ಬರೆದಿಟ್ಟ ತನ್ನ ಮುತ್ತಜ್ಜನ ಜೀವನಚರಿತ್ರೆಯನ್ನು ನಾನು ಟೈಪ್ ಮಾಡಿ ಮುಗಿಸಬೇಕು. ಆ ಮುತ್ತಜ್ಜ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಲ್ಲಿ ನಾಟಕ ಕಂಪೆನಿ ನಡೆಸ್ತಿದ್ದನಂತೆ. ಮಾಲೀಕನೂ ಅವನೇ, ಎಲ್ಲಾ ನಾಟಕಕ್ಕೆ ಹೀರೋನೂ ಅವನೇ. ಎಪ್ಪತ್ತಾದ್ರೂ ಇಪ್ಪತ್ತರ ಪ್ರೇಮಿಯ ಪಾರ್ಟು ಬಿಡ್ಲಿಲ್ಲ. ಇದೇ ಕೊನೇ ನಾಟಕ ಅಂತ ಮೂರು ಸಲ ಹಾರ ಹಾಕಿಸಿಕೊಂಡು, ಮೂರು ಸಲವೂ ವಾಪಸ್ ಬಂದಿದ್ದ.

ಊರಲ್ಲಿ ತಂಗಿಯ ಮದುವೆಗೆ ಹತ್ತೇ ದಿನ ಉಳಿದಿತ್ತು. ಪಕ್ಕದ ಮೇಜಿನ ಲಿಯೋ ದಿನಾ ಕೇಳ್ತಿದ್ದ, "ಎಂತ ಮಾರಾಯ, ನಿನ್ನ ಮುದುಕ ಇನ್ನೂ ಸಾಯ್ಲಿಲ್ವಾ?"

ನಾಲ್ಕನೇ ಕೊನೇ ನಾಟಕ ಶುರುವಾದಾಗ ನಂಗೆ ತಡೀಲಿಕ್ಕಾಗ್ಲಿಲ್ಲ. ಚಪ್ಪಾಳೆಯ ಮಧ್ಯೆಯೇ ಮುತ್ತಜ್ಜ ಸ್ಟೇಜಿನ ಮೇಲೆ ಬಿದ್ದು ಸತ್ತ ಅಂತ ನಾನೇ ಟೈಪ್ ಮಾಡಿ ಕೊಟ್ಟೆ.

ಮ್ಯಾನೇಜರ್ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನಿಜವಾಗಿ ಅವರು ಸತ್ತದ್ದು ಮನೆಯಲ್ಲಿ, ಭೇದಿ ಹಿಡಿದು. ಇದೇ ಇರಲಿ" ಅಂದು ಸಹಿ ಹಾಕಿದ.

ಮದುವೆ ಊಟ ಉಂಡು ವಾಪಸ್ ಬಂದರೆ ಮೇಜಿನ ಮೇಲೆ ಹೊಸ ಕಟ್ಟು ಕಾಗದ. ಮುತ್ತಜ್ಜಿಯೂ ನಟಿಯಂತೆ. ತೊಂಬತ್ತಾರು ವರ್ಷ ಬದುಕಿದ್ದಳಂತೆ.