ಹೊತ್ತು ಮುಳುಗುವ ತನಕ ಬಡಿಸಿದವನು

ರಾವಸಾಹೇಬ ಮಗದುಮನ ಬಾಯಿಂದ ಬೈಸಿಕೊಳ್ಳದ ಮನುಷ್ಯ ಕೃಷ್ಣೆಯ ಈ ದಂಡೆಯಲ್ಲಿ ಇನ್ನೂ ಹುಟ್ಟಬೇಕು. ಹಾಲಿನ ಡೇರಿಯವನನ್ನು ಬೈದಿದ್ದಾನೆ, ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನನ್ನು ಬೈದಿದ್ದಾನೆ. ಮಗಳ ಮದುವೆಯಲ್ಲಿ ಬೀಗರನ್ನು ಮುಖದ ಮೇಲೆಯೇ ಬೈದು, ಅವರು ಉಣ್ಣದೆ ಹೊರಟುನಿಂತಾಗ ಉಣ್ಣಲಿಲ್ಲವೆಂದು ಮತ್ತೊಮ್ಮೆ ಬೈದಿದ್ದಾನೆ. ಬೋಟ್ ಕ್ಲಬ್ಬಿನ ವಾಟ್ಸಾಪ್ ಗುಂಪಿನಿಂದ ಅವನನ್ನು ತೆಗೆದುಹಾಕಿದ್ದೂ ಆಯಿತು, ತೆಗೆದವನ ಕಟ್ಟೆಯ ಮೇಲೆ ಹೋಗಿ ಕೂತು ಓಣಿಗೆಲ್ಲ ಕೇಳುವಂತೆ ಬೈದದ್ದಕ್ಕೆ ಮರಳಿ ಸೇರಿಸಿಕೊಂಡದ್ದೂ ಆಯಿತು. ಅಕ್ಷರ ಒತ್ತುವ ಗೋಜಿಗೆ ಅವನು ಹೋಗುವುದಿಲ್ಲ. ಮೊಬೈಲಿಗೆ ಬಾಯಿ ಹಚ್ಚಿ ಒದರಿ ಕಳಿಸುತ್ತಾನೆ. ಅದನ್ನು ಕೇಳುವವರು ಮೊದಲು ಮಕ್ಕಳನ್ನು ಹೊರಗೆ ಕಳಿಸುತ್ತಾರೆ.

ಇಂಥವನನ್ನು ಯಾಕೆ ತಾಳಿಕೊಂಡಿದ್ದೀರಿ ಎಂದು ಪರವೂರಿನವರು ಕೇಳಿದರೆ ಕ್ಲಬ್ಬಿನವರು ಒಂದೇ ಮಾತು ಹೇಳುತ್ತಿದ್ದರು: ಚುಕ್ಕಾಣಿ. ಚುಕ್ಕಾಣಿ ಹಿಡಿದ ರಾವಸಾಹೇಬನೇ ಬೇರೆ. ಕಾಗವಾಡದಿಂದ ಕೆಳಗೆ ಕೃಷ್ಣೆ ಡೊಂಕು ತಿರುಗುವಲ್ಲಿ ಈ ಊರು ಇದೆ. ಮಳೆಗಾಲ ಮುಗಿದು, ಹೊಳೆಗೆ ಅಡ್ಡ ಕಟ್ಟಿದ ಬಂಧಾರದ ಬಾಗಿಲು ಹಾಕಿದರೆ ಹೊಳೆ ಕೆರೆಯ ಹಾಗೆ ನಿಂತುಬಿಡುತ್ತದೆ. ಥಂಡಿ ಬಿದ್ದ ಮೇಲೆ ರವಿವಾರಕ್ಕೊಮ್ಮೆ ಹೋಡಿಗಳ ಶರ್ಯತ್ತು, ಅಂದರೆ ಪಂದ್ಯ. ಕೊನೆಯ ರವಿವಾರ ಫೈನಲ್. ಹೋಡಿ ಅಂದರೆ ದೋಣಿಯೇ. ದೋಣಿ ಅಂದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹೊಳೆಗೆ ಮೆಟ್ಟಿಲಿಳಿಯುವ ಘಾಟಿನ ಮೇಲೆ ತಗಡು ಹೊದಿಸಿದ ಶೆಡ್ಡೇ ಕ್ಲಬ್ಬು. ಅಲ್ಲಿ ಚಹಾ, ಚುರಮುರಿ, ಮಿರ್ಚಿಭಜಿ, ಕಬ್ಬಿನ ದರ, ಯಾರ ಮಗನಿಗೆ ಹೆಣ್ಣು ಸಿಗಲಿಲ್ಲ ಎಂಬ ಸುದ್ದಿ, ಎಲ್ಲವೂ ನಡೆಯುತ್ತವೆ. ಕ್ಲಬ್ಬಿಗೆ ಎರಡು ಹೋಡಿ. ಹಳೇದು ಸಾಗವಾನಿಯದು, ಹೊಸದು ಫೈಬರಿನದು. ಹಳೇ ಹೋಡಿಯ ಚುಕ್ಕಾಣಿ ರಾವಸಾಹೇಬನ ಅಪ್ಪನ ಕೈಯಲ್ಲಿತ್ತು, ಅಪ್ಪ ಹೋದ ಮೇಲೆ ಇವನ ಕೈಗೆ ಬಂತು. ಆಟ ಮುಗಿದೊಡನೆ ಅದನ್ನು ಕೀಲಿನಿಂದ ಬಿಚ್ಚಿ, ಹೆಗಲ ಮೇಲಿಟ್ಟುಕೊಂಡು, ಬಜಾರಿನ ನಡುವೆಯೇ ಹಾಯ್ದು ಮನೆಗೆ ಒಯ್ಯುತ್ತಿದ್ದ. ದೇವರ ಕೋಣೆಯ ಬಾಗಿಲ ಹಿಂದೆ ಅದರ ಜಾಗ. ಹೆಂಡತಿ ಕುಸುಮ ಕಸ ಹೊಡೆಯುವಾಗ ಅದಕ್ಕೆ ಕಸಬರಿಗೆ ತಾಗಿದರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಚುಕ್ಕಾಣಿಯನ್ನೇ ಅವನು ಪಣಕ್ಕೆ ಇಟ್ಟ. ಬೇರೆ ಯಾರೂ ಇಡಿಸಲಿಲ್ಲ, ತನ್ನ ಬಾಯಿಂದ ತಾನೇ ಇಟ್ಟ.

ದೀಪಾವಳಿ ಮುಗಿದು ಕ್ಲಬ್ಬಿನ ಸಭೆ ಕೂಡಿತ್ತು. ಗಡಿಯಾಚೆಯ ದೊಡ್ಡ ಶರ್ಯತ್ತಿಗೆ ಪ್ರತಿವರ್ಷ ಹೋಗುವುದು ಹಳೇ ಹೋಡಿ. ಈ ಸಲ ಅದರ ಚುಕ್ಕಾಣಿಗೆ ಯಾರು ಎಂಬ ಮಾತು ಬಂತು. ಅಂಥ ಮಾತು ಬಂದದ್ದೇ ರಾವಸಾಹೇಬನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಮ್ಮನ ಮಗ ಅಭಿನಂದನ ಎದ್ದು ನಿಂತು, ದೊಡ್ಡಪ್ಪನ ಕಣ್ಣು ಈಗ ಮಂದವಾಗಿದೆ, ಹೋದ ವರ್ಷ ದಂಡೆಗೆ ತಾಗಿಸಿದ್ದರು, ಇನ್ನು ಬೇರೆಯವರು ಹಿಡಿದರೆ ಚಲೋ ಎಂದು ಮೆತ್ತಗೆ ಹೇಳಿದ. ಆ ಹುಡುಗನ ಕೈಯ ಮೇಲೆ ತನ್ನ ಕೈ ಇಟ್ಟು ಚುಕ್ಕಾಣಿ ಹಿಡಿಯಲು ಕಲಿಸಿದವನೇ ರಾವಸಾಹೇಬ. ಈಗ ಅವನು ಹೊಸ ಹೋಡಿಯ ಚುಕ್ಕಾಣಿಗ. ಸಭೆಯಲ್ಲಿ ದೊಡ್ಡಪ್ಪನ ಕಣ್ಣಿನ ಪರೀಕ್ಷೆ ಮಾಡುವಷ್ಟು ದೊಡ್ಡವನಾಗಿದ್ದ.

ರಾವಸಾಹೇಬ ಕುರ್ಚಿ ಒದ್ದು ಎದ್ದ. "ಥಂಡಿ ಫೈನಲ್ಲಿನಾಗ ನಿನ್ನ ಕಡಿಂದ ಸೋತ್ರ ಈ ಚುಕ್ಕಾಣಿ ನಿನ್ನ ಕೈಯಾಗ ಕೊಟ್ಟು ದಂಡಿಮ್ಯಾಲೆ ಕುಂಡ್ರತೇನಿ" ಅಂದ. "ಇಲ್ಲಾಂದ್ರ ನೀ ಹೊಳೀಗೆ ಕಾಲ ಇಡಬಾರ್ದು."

ಕ್ಲಬ್ಬಿನ ಅಧ್ಯಕ್ಷ ಅಣ್ಣಾಸಾಬ ಸಮಾಧಾನ ಮಾಡಲು ಬಾಯಿ ತೆರೆದ. ಅವನಿಗೂ ಎರಡು ಬೈಗುಳ ಬಿದ್ದವು. ಪಣದ ಮಾತು ಹಾಗೆಯೇ ಉಳಿಯಿತು.

ಫೈನಲ್ ದಿನ ಬಹುಮಾನ ಕೊಡುವ ಅತಿಥಿ ತಡವಾಗಿ ಬಂದ. ಬಂದವನು ಭಾಷಣವನ್ನೂ ಬಿಡಲಿಲ್ಲ. ಹೋಡಿಗಳು ನೀರಿಗೆ ಇಳಿಯುವ ಹೊತ್ತಿಗೆ ಬಿಸಿಲು ಆಗಲೇ ವಾಲಿತ್ತು. ಹೊಟ್ಟೆ ತುಂಬಿಸಿಕೊಂಡು ಯಾರೂ ಶರ್ಯತ್ತಿಗೆ ಇಳಿಯುವುದಿಲ್ಲ. ಬೆಳಗಿನ ಚಹಾದ ಮೇಲೆಯೇ ಎಲ್ಲರೂ ಇದ್ದರು. ರಾವಸಾಹೇಬ ಹಿಂಬದಿಯಲ್ಲಿ ಕೂತು ಚುಕ್ಕಾಣಿಯನ್ನು ಕೀಲಿಗೆ ಹಾಕಿದ. ಎದುರಿಗೆ ಅವನ ಹುಡುಗರು ತಂತಮ್ಮ ಹುಟ್ಟು ಹಿಡಿದು ಕೂತಿದ್ದರು. ಮೊದಲ ಹುಟ್ಟು ಭರತನದು. ಅವನು ರಾವಸಾಹೇಬನ ಪಕ್ಕದ ಹೊಲದವನು, ಬಹಳ ವರ್ಷಗಳಿಂದ ಇದೇ ಹೋಡಿಯಲ್ಲಿ ಬೈಸಿಕೊಂಡು ಹುಟ್ಟು ಹಾಕಿದವನು.

ನೀರೆತ್ತುವ ಜಾಕ್‌ವೆಲ್ಲಿನ ಹತ್ತಿರ ಬಾವುಟ ಕಟ್ಟಿದ ಒಂದು ಬಿದಿರು. ಅದನ್ನು ಸುತ್ತುಹಾಕಿ ಘಾಟಿಗೆ ಮರಳಬೇಕು. ಹೋಗುವಾಗ ಹಳೇ ಹೋಡಿಯೇ ಮುಂದೆ. "ಎಳೀರಿ ಭಾಡ್ಯಾಗಳ್ರ್ಯಾ" ಎಂದು ರಾವಸಾಹೇಬ ಒದರುತ್ತಿದ್ದ. ಭರತನ ಅಪ್ಪ, ಅಜ್ಜ, ಅವನ ಎಮ್ಮೆ ಎಲ್ಲರ ಉದ್ಧಾರವೂ ಆಯಿತು. ಭರತ ಹಲ್ಲು ಕಚ್ಚಿ ಎಳೆದ. ಬಿದಿರನ್ನು ಮೊದಲು ಸುತ್ತಿದ್ದು ಇವರೇ. ಇನ್ನು ನೆಟ್ಟಗೆ ಬಂದರೆ ಸಾಕಿತ್ತು, ಚುಕ್ಕಾಣಿ ಅವನ ಬಾಗಿಲ ಹಿಂದೆ ಅವನ ಸಾವಿನ ತನಕ ಇರುತ್ತಿತ್ತು.

ಆದರೆ ಗೆದ್ದರೆ ಸಾಲದು, ಆ ಹುಡುಗನ ನೀರಿಳಿಸಬೇಕು ಎಂದು ಅವನ ಹೊಟ್ಟೆಯೊಳಗಿನ ಬೆಂಕಿ ಹೇಳಿತು. ದಂಡೆಯ ಬದಿಗೆ ಜಲಪರ್ಣಿ ಕಳೆ ಹಸಿರು ಹಾಸಿನಂತೆ ಬೆಳೆದು ನಿಂತಿತ್ತು. ಅಭಿನಂದನ ಆ ಬದಿಯಿಂದ ಬರುತ್ತಿದ್ದ. ಅವನನ್ನು ಒತ್ತಿ ಒತ್ತಿ ಜಲಪರ್ಣಿಯೊಳಗೆ ನೂಕಬೇಕೆಂದು ರಾವಸಾಹೇಬ ಚುಕ್ಕಾಣಿ ತಿರುಗಿಸಿದ. ಭರತ ತಿರುಗಿ ನೋಡಿ, ಬೇಡ ಕಾಕಾ, ನೆಟ್ಟಗೆ ನಡೀರಿ ಎಂದ. ಬಾಯಿ ಮುಚ್ಚಿ ಎಳಿ ಎಂದು ಬೈಸಿಕೊಂಡ. ಅಭಿನಂದನ ಒಮ್ಮೆಲೇ ಹುಟ್ಟುಗಳನ್ನು ನಿಲ್ಲಿಸಿಬಿಟ್ಟ. ಒತ್ತಲು ಹೋದ ಹಳೇ ಹೋಡಿ ಅವನ ಹೋಡಿಯ ಮೂತಿಯ ಮುಂದಿನಿಂದ ಹಾಯ್ದು ತಾನೇ ಹೋಗಿ ಜಲಪರ್ಣಿಯಲ್ಲಿ ಹೊಕ್ಕಿತು. ಬೇರುಗಳು ಚುಕ್ಕಾಣಿಗೆ ಸುತ್ತಿಕೊಂಡವು. ರಾವಸಾಹೇಬ ನೀರಿಗೆ ಹಾರಿ, ಎದೆಮಟ್ಟ ಕೆಸರಿನಲ್ಲಿ ನಿಂತು, ಬೇರು ಕಿತ್ತು ಕಿತ್ತು ಒಗೆಯುತ್ತಿರುವಾಗ ಘಾಟಿನ ಮೇಲೆ ಹಲಗಿ ಬಾರಿಸಿದ ಸಪ್ಪಳ ಕೇಳಿತು. ಹೊಸ ಹೋಡಿ ಮುಟ್ಟಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಈ ದಂಡೆಯ ಶರ್ಯತ್ತು ನೀರಿನಲ್ಲಿ ಮುಗಿಯುವುದಿಲ್ಲ, ಊಟದಲ್ಲಿ ಮುಗಿಯುತ್ತದೆ. ಹಿಂದೆ ಯಾವಾಗಲೋ ಸೋತವರೂ ಗೆದ್ದವರೂ ಹುಟ್ಟು ಎತ್ತಿ ತಲೆ ಒಡೆದುಕೊಂಡರಂತೆ. ಅಂದು ಹಿರಿಯರು ಒಂದು ಕಟ್ಟಳೆ ಹಾಕಿದರು. ಸೋತ ಹೋಡಿಯವರು ಗೆದ್ದ ಹೋಡಿಯವರಿಗೆ ಹೋಳಿಗೆ ಬಡಿಸಬೇಕು. ಗೆದ್ದ ಚುಕ್ಕಾಣಿಗ ಉಂಡ ಮೇಲೆಯೇ ಶರ್ಯತ್ತು ಮುಗಿದ ಹಾಗೆ. ಕ್ಲಬ್ಬಿನಲ್ಲಿ ಅರ್ಧ ಜನ ಜೈನರು. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕದವರು. ಅದಕ್ಕಾಗಿ ಶರ್ಯತ್ತಿನ ಊಟ ಯಾವತ್ತಿಗೂ ಬೆಳಕಿರುವಾಗಲೇ ಆಗುತ್ತಿತ್ತು. ರಾವಸಾಹೇಬನೂ ಹಾಗೆಯೇ, ಅಭಿನಂದನನೂ ಹಾಗೆಯೇ. ಅಭಿನಂದನನಂತೂ ಆ ವರ್ಷದ ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಕೈಮುಗಿದು ಅದರದೇ ವ್ರತ ಹಿಡಿದಿದ್ದ.

ಕೆಸರು ಮೆತ್ತಿದ ಮೈಯಲ್ಲಿ ಘಾಟು ಹತ್ತಿದ ರಾವಸಾಹೇಬ ಒಮ್ಮೆ ಪಂಕ್ತಿ ನೋಡಿದ, ಒಮ್ಮೆ ಪಡುವಣ ನೋಡಿದ. ಕಬ್ಬಿನ ಸುಳಿಗಳ ಮೇಲೆ ಸೂರ್ಯ ಇಳಿದು ಕೂತಿದ್ದ. ಅವನ ಮುಖ ಒಮ್ಮೆಲೇ ಶಾಂತವಾಯಿತು. ಬಲ್ಲವರು ಅದನ್ನು ನೋಡಿ ತಾವೂ ಪಡುವಣಕ್ಕೆ ತಿರುಗಿದರು.

ಕೆಸರು ಮೈಯಲ್ಲಿ ಹೇಗೆ ಬಡಿಸಲಿ ಎಂದು ಹೊಳೆಗಿಳಿದು ಸಾವಕಾಶ ಮೈ ತೊಳೆದ. ಮಡಿ ಧೋತರ ತರಿಸಿ ಉಟ್ಟ. ಥಂಡಿಗೆ ತುಪ್ಪ ಗಟ್ಟಿಯಾಗಿದೆ, ಗೆದ್ದವರಿಗೆ ಗಟ್ಟಿ ತುಪ್ಪ ಹಾಕುವುದೇ ಎಂದು ಕಾಸಲು ಒಳಗೆ ಕಳಿಸಿದ. ಆಮೇಲೆ ಮೂಡಣ ತುದಿಯಿಂದ ಬಡಿಸಲು ಸುರು ಮಾಡಿದ. ಮೊದಲು ಉಪ್ಪು. ಪಂಕ್ತಿಯ ಈ ತುದಿಯಿಂದ ಆ ತುದಿಗೆ. ಮತ್ತೆ ಮೂಡಣಕ್ಕೆ ಬಂದು ಚಟ್ನಿ. ಮತ್ತೆ ಬಂದು ಕೋಸಂಬರಿ, ಅವರೆಕಾಯಿ ಪಲ್ಯ, ಉಪ್ಪಿನಕಾಯಿ. ಒಬ್ಬೊಬ್ಬನ ಮುಂದೆಯೂ ಬಗ್ಗಿ, ಇನ್ನೊಂದಿಷ್ಟು ಹಾಕಲೇನಪ್ಪ ಎಂದು ಜೀವಮಾನದಲ್ಲಿ ಯಾರಿಗೂ ಆಡದ ದನಿಯಲ್ಲಿ ಕೇಳಿದ. ಅವನ ಹುಡುಗರು ತಾವೂ ಬಡಿಸಲು ಪಾತ್ರೆಗೆ ಕೈ ಹಾಕಿದರೆ, ಇದು ತನ್ನ ಕೆಲಸ ಎಂದು ತಡೆದ. ಹೋಳಿಗೆ ಮೇಲೆ ತುಪ್ಪ ಬೀಳುವ ತನಕ ಎಲೆಗೆ ಕೈ ಹಚ್ಚುವ ರೂಢಿಯಿಲ್ಲ. ಅಣ್ಣಾಸಾಬ ಎರಡು ಸಲ, ಲಗೂ ಆಗಲಿ ರಾವಸಾಹೇಬ ಎಂದ. ಮರ್ಯಾದೆಯಿಂದ ಬಡಿಸಿದರೂ ತಪ್ಪೇ ಎಂಬ ಉತ್ತರ ಬಂತು.

ಅಭಿನಂದನ ಪಡುವಣ ತುದಿಯಲ್ಲಿ, ಕೊನೆಯವನಾಗಿ ಕೂತಿದ್ದ. ಅವನಿಗೆ ಎಲ್ಲ ತಿಳಿದಿತ್ತು. ಒಮ್ಮೆಯೂ ಬೇಗ ಬಡಿಸು ಅನ್ನಲಿಲ್ಲ, ಅಂಗಲಾಚಲಿಲ್ಲ. ಹಸಿವಿಗೆ ತುಟಿ ಒಣಗಿದ್ದವು. ರಾವಸಾಹೇಬ ಅವನ ಮುಂದೆ ಬಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪದ ಧಾರೆಯನ್ನು ನೂಲಿನಷ್ಟು ಸಣ್ಣಗೆ ಬಿಟ್ಟ. ಧಾರೆ ನಿಲ್ಲುವಾಗ ಕಬ್ಬಿನ ಹಿಂದೆ ಕೆಂಪು ಆರಿತ್ತು. ಎಲೆಯತ್ತ ಬಂದ ಅಭಿನಂದನನ ಕೈ ನಿಂತಿತು. ಅವನು ಅನ್ನಕ್ಕೆ ಕೈಮುಗಿದು ಸುಮ್ಮನೆ ಎದ್ದ. ಅವನು ಎದ್ದದ್ದು ಕಂಡು ಪಂಕ್ತಿಯೆಲ್ಲ ಎದ್ದಿತು. ರಾತ್ರಿ ಉಣ್ಣುವವರೂ ಎದ್ದರು.

"ಉಂಡಿಲ್ಲಂದ್ರ ಶರ್ಯತ್ತು ಮುಗದಿಲ್ಲ" ಎಂದ ರಾವಸಾಹೇಬ. "ಮುಗದಿಲ್ಲಂದ್ರ ಚುಕ್ಕಾಣಿ ನಂದ."

ಹೆಗಲ ಮೇಲೆ ಚುಕ್ಕಾಣಿ ಇಟ್ಟುಕೊಂಡು ಬಜಾರಿನ ನಡುವೆಯೇ ಹೋದ. ಅಂಗಡಿಯವರು ಯಾರೂ ಮಾತಾಡಿಸಲಿಲ್ಲ. ಅವನಿಗೆ ಅದೂ ಗೆದ್ದ ಹಾಗೆಯೇ ಅನಿಸಿತು. ಅವರಿಗೆಲ್ಲ ಹೊಟ್ಟೆಕಿಚ್ಚು ಎಂದುಕೊಂಡ.

ಮನೆಯಲ್ಲಿ ಒಲೆ ಆರಿತ್ತು. ಕುಸುಮ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಆ ಹೋಳಿಗೆ ಮುಂಜಾನೆಯಿಂದ ಬೇಯಿಸಿದವಳು ಅವಳೇ. ಅಭಿನಂದನನಿಗೆ ಹೂರಣ ಹೆಚ್ಚು ಇರಬೇಕೆಂದು ಸಣ್ಣಂದಿನಿಂದ ಬಲ್ಲವಳೂ ಅವಳೇ. ರಾವಸಾಹೇಬ ಚುಕ್ಕಾಣಿಯನ್ನು ಬಾಗಿಲ ಹಿಂದೆ ಇಟ್ಟು, ಅಭ್ಯಾಸದಂತೆ ಮಣೆಯ ಮೇಲೆ ಕೂತು ನೀರಿನ ತಂಬಿಗೆಗೆ ಕೈ ಚಾಚಿದ. ಅವಳು ಏಳಲಿಲ್ಲ.

"ಹೊತ್ತ ಮುಳಗೇತಿ" ಅಂದಳು. "ಅವಗೊಂದು ಸೂರ್ಯ, ನಿಮಗೊಂದು ಸೂರ್ಯ ಇಲ್ಲ."

ಬಡಿಸುವ ಗದ್ದಲದಲ್ಲಿ ತಾನೂ ಉಂಡಿಲ್ಲ ಎಂಬುದು ಅವನಿಗೆ ಆಗಲೇ ನೆನಪಾಯಿತು. ಬೈಯಲು ಬಾಯಿ ತೆರೆದ. ಅವಳು ಎದ್ದು ಒಳಗೆ ಹೋಗಿ ಅಡ್ಡಾದಳು. ಗೋಡೆಯನ್ನು ಬೈಯುವಷ್ಟು ಕಸುವು ಅವನ ಹೊಟ್ಟೆಯಲ್ಲಿ ಉಳಿದಿರಲಿಲ್ಲ.

ಮರುದಿನ ಮಂಜು ಇನ್ನೂ ನೀರಿನ ಮೇಲೆಯೇ ಇರುವಾಗ ಅವನು ಚುಕ್ಕಾಣಿ ಹೊತ್ತು ಘಾಟಿಗೆ ಬಂದ. ಶರ್ಯತ್ತು ಮುಗಿದಿಲ್ಲವಾದ್ದರಿಂದ ಇನ್ನೊಮ್ಮೆ ಆಡಬೇಕು ಎಂದು ವಾದ ಮಾಡಲು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದ. ಎದುರಾಳಿಯ ಬಾಯಿಯನ್ನೂ ತಾನೇ ಆಡಿ, ಅದಕ್ಕೆ ಉತ್ತರವನ್ನೂ ಕೊಟ್ಟು ಮುಗಿಸಿದ್ದ. ಆದರೆ ಘಾಟಿನ ಮೇಲೆ ಪಂಕ್ತಿ ಕೂತಿತ್ತು. ಅದೇ ಪಡುವಣ ತುದಿಯಲ್ಲಿ ಅಭಿನಂದನ. ಸೂರ್ಯ ಮೂಡಿ ಏರಿದ್ದ. ಆಗಷ್ಟೇ ಬೇಯಿಸಿದ ಹೋಳಿಗೆಯ ಬುಟ್ಟಿ ಭರತನ ಕೈಯಲ್ಲಿತ್ತು, ಅವನ ಹಿಂದೆ ಹಳೇ ಹೋಡಿಯ ಹುಡುಗರು ಪಲ್ಯ, ಕೋಸಂಬರಿ ಹಿಡಿದು ನಿಂತಿದ್ದರು. ರಾವಸಾಹೇಬ ನೋಡುತ್ತಿದ್ದಂತೆಯೇ ಭರತ ಮೊದಲು ಅಭಿನಂದನನ ಎಲೆಗೆ ಬಂದು, ಹೋಳಿಗೆ ಹಾಕಿ, ಬಿಸಿ ತುಪ್ಪ ಸುರುವಿದ. ಅಭಿನಂದನ ಮುರಿದು ಬಾಯಿಗೆ ಹಾಕಿಕೊಂಡ.

ಅದು ತನ್ನ ಕೆಲಸ, ನಿನಗೆ ಯಾರು ಹೇಳಿದರು ಎಂದು ರಾವಸಾಹೇಬ ಗಂಟಲು ಹರಿದುಕೊಂಡ.

ಭರತ ಬುಟ್ಟಿ ಕೆಳಗಿಟ್ಟ. "ಸೋತ ಹೋಡಿಯವರು ಬಡಸಬೇಕಂತ ಐತ್ರಿ ಕಾಕಾ. ಹೋಡಿಯಾಗ ನಾವೂ ಇದ್ದಿವಲ್ರಿ" ಅಂದ. "ನಿಮಗ ಕಂಡಿರಾಕಿಲ್ಲ."

ರಾವಸಾಹೇಬ ಅಣ್ಣಾಸಾಬನ ಮುಖ ನೋಡಿದ. ಅಣ್ಣಾಸಾಬ ಹೌದೆಂದು ಗೋಣು ಹಾಕಿದ. ಇನ್ನು ಕೊಡಬೇಕಾದದ್ದು ಹೆಗಲ ಮೇಲಿತ್ತು. ಅದನ್ನು ರಾವಸಾಹೇಬ ಎರಡೂ ಕೈಯಿಂದ ಅವುಚಿ ಹಿಡಿದುಕೊಂಡ. ಕಸಿದುಕೊಳ್ಳಲು ಬಂದರೆ ಅದರಿಂದಲೇ ಬಾರಿಸುವವನಿದ್ದ. ಯಾರೂ ಏಳಲಿಲ್ಲ. ಅಭಿನಂದನ ಬಾಯಲ್ಲಿದ್ದ ತುತ್ತು ನುಂಗಿ, ತಲೆ ಎತ್ತದೆಯೇ ಹೇಳಿದ:

"ಚುಕ್ಕಾಣಿ ನಿಮ್ಮ ಕಡೇನ ಇರ್ಲಿ ದೊಡ್ಡಪ್ಪ. ಹಳೇ ಹೋಡೀನೂ ಇಟ್ಕೋರಿ. ದೊಡ್ಡ ಶರ್ಯತ್ತಿಗೆ ಈ ಸಲ ಹೊಸಾದು ಹೋಗ್ತೈತಿ."

ರಾವಸಾಹೇಬ ಶೆಡ್ಡಿನತ್ತ ನೋಡಿದ. ಹುಟ್ಟುಗಳು ಅವರವರ ಸ್ವಂತದವು, ಹೋಡಿಗೊಂದು ಸಾಲು ಗೂಟದ ಮೇಲೆ ಇಡುವ ರೂಢಿ. ಹಳೇ ಹೋಡಿಯ ಗೂಟಗಳೆಲ್ಲ ಬರಿದಾಗಿದ್ದವು. ಭರತನ ಹುಟ್ಟು, ಉಳಿದವರ ಹುಟ್ಟು, ಎಲ್ಲ ಹೊಸ ಹೋಡಿಯ ಸಾಲಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಪಂಕ್ತಿಯ ಮೂಡಣ ತುದಿಯಲ್ಲಿ ಒಂದು ಎಲೆ ಖಾಲಿ ಹಾಕಿದ್ದರು. ಯಾರಿಗೆಂದು ಯಾರೂ ಹೇಳಲಿಲ್ಲ, ಬಾ ಕೂಡು ಎಂದೂ ಕರೆಯಲಿಲ್ಲ. ಹೋಳಿಗೆಯ ವಾಸನೆಗೆ ಅವನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರ್‌ಗುಟ್ಟಿತು.

ಅವನು ಕೂಡಲಿಲ್ಲ. ಮೆಟ್ಟಿಲಿಳಿದು ಹಳೇ ಹೋಡಿ ಹತ್ತಿದ, ಚುಕ್ಕಾಣಿಯನ್ನು ಕೀಲಿಗೆ ಹಾಕಿದ, ಹಗ್ಗ ಬಿಚ್ಚಿ ಒಗೆದ. ಹೋಡಿ ದಂಡೆಯಿಂದ ಒಂದು ಮಾರು ಜರುಗಿ, ಬಂಧಾರದ ನಿಂತ ನೀರಿನಲ್ಲಿ ತಾನೂ ನಿಂತಿತು. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಮುಂದೆ ಬರೀ ಹಲಗೆಗಳು. ಸಿಟ್ಟು ನೆತ್ತಿಗೇರಿ, ಎದುರಿಗೆ ಯಾರೂ ಇಲ್ಲವೆಂಬುದನ್ನೂ ಮರೆತು, ಹೊಳೆ ನಡುಗುವ ಹಾಗೆ ಒದರಿದ:

"ಎಳಿಯೋ ಭರತ್ಯಾ, ಭಾಡ್ಯಾ."

ಘಾಟಿನ ಮೇಲೆ ಬಡಿಸಿ ಮುಗಿಸಿ ಉಣ್ಣಲು ಕೂತಿದ್ದ ಭರತ, ಇಷ್ಟು ವರ್ಷದ ರೂಢಿಗೆ, ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಮುಂದೆ ಚಾಚಿಬಿಟ್ಟ. ಆಮೇಲೆ ಕೈ ಹಿಂದೆ ತೆಗೆದುಕೊಂಡ. ಎಲೆಯ ಮೇಲಿನ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ತಿನ್ನತೊಡಗಿದ.